ಮೂಲೆ ಹಿಡಿಯುವ ಕೈ

ಮರಗೆಲಸದ ಹವ್ಯಾಸವಿರುವ ಗಂಡಸರ ಮನೆಯಲ್ಲಿ ಉಳಿ, ಗರಗಸ, ಸುತ್ತಿಗೆಗಳ ಜೊತೆಗೆ ಇನ್ನೊಂದು ಉಪಕರಣವೂ ಇರುತ್ತದೆ. ಅದನ್ನು ಯಾರೂ ಪಟ್ಟಿಯಲ್ಲಿ ಸೇರಿಸುವುದಿಲ್ಲ. ಅದು ಹೆಂಡತಿಯ ಕೈ.

ಮೈಸೂರಿನ ಹಳೆಯ ಬಡಾವಣೆಯೊಂದರ ರಾಯರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮನೆಯ ಹಿಂದಿನ ವರಾಂಡವನ್ನೇ ಕಾರ್ಖಾನೆ ಮಾಡಿಕೊಂಡಿದ್ದರು. ಪುಸ್ತಕದ ಗೂಡು, ಫೋಟೊ ಚೌಕಟ್ಟು, ದೇವರ ಮಂಟಪ ಎಲ್ಲವೂ ಅವರ ಕೈಯಲ್ಲೇ ಆದವು. ಬಂದವರು "ಮೂಲೆ ಎಷ್ಟು ಕರಾರುವಾಕ್ಕಾಗಿ ಕೂತಿದೆ!" ಎಂದರೆ ರಾಯರು, "ಮೂವತ್ತು ವರ್ಷ ಲೆಕ್ಕ ತಾಳೆ ನೋಡಿದ ಕಣ್ಣು ಸ್ವಾಮಿ" ಎಂದು ಬೀಗುತ್ತಿದ್ದರು. ಅಂಟು ಹಚ್ಚುವ ಹೊತ್ತಿಗೆ ಮಾತ್ರ ಒಳಗೆ ತಿರುಗಿ ಒಂದು ಕೂಗು: "ಲೇ, ಬಾರೇ ಇಲ್ಲಿ, ಒಂದು ನಿಮಿಷ ಹಿಡ್ಕೋ." ಆ ಒಂದು ನಿಮಿಷ ಅರ್ಧ ಗಂಟೆಯಾಗುತ್ತಿತ್ತು. ಒಲೆಯ ಮೇಲಿನ ಹಾಲು ಉಕ್ಕಿದ್ದೂ ಉಂಟು.

ಹೀಗಿರಲು ಮಗಳ ಬಾಣಂತನಕ್ಕೆಂದು ಹೆಂಡತಿ ಮೂರು ತಿಂಗಳು ಪುಣೆಗೆ ಹೋದರು. ಮೊಮ್ಮಗಳು ಹುಟ್ಟಿದ ಸುದ್ದಿ ಬಂದೊಡನೆ ರಾಯರು ಅವಳ ಆಟಿಕೆಗಳಿಗೊಂದು ಪೆಟ್ಟಿಗೆ ಮಾಡಲು ಕುಳಿತರು. ಅಳತೆ 40 ಸೆಂಟಿಮೀಟರ್ ಉದ್ದ, 30 ಅಗಲ. ಹಲಗೆ ಕೊಯ್ದು, ಹತ್ತರಿ ಹೊಡೆದು ಅಂಟು ಹಚ್ಚಿದರು. ಮರಕ್ಕೆ ಹಚ್ಚುವ ಬಿಳಿ ಅಂಟು ಒಣಗುವವರೆಗೆ ಅದು ಅಂಟಲ್ಲ, ಬೆಣ್ಣೆ. ಈ ತುದಿ ಹಿಡಿದರೆ ಆ ತುದಿ ಜಾರಿತು. ಕ್ಲಾಂಪ್ ಬಿಗಿ ಮಾಡಿದರೆ ಹಲಗೆ ಓರೆಯಾಗಿ ನಡೆಯಿತು. ಮರುದಿನ ಮುಚ್ಚಳ ಇಟ್ಟು ನೋಡಿದರೆ ಒಂದು ಮೂಲೆಯಲ್ಲಿ 7 ಮಿಲಿಮೀಟರ್ ಹೊರಗೆ! ಕರ್ಣಗಳನ್ನು ಅಳೆದರು. ಎರಡೂ 50 ಸೆಂಟಿಮೀಟರ್ ಇರಬೇಕಿತ್ತು, ಒಂದು 50.4, ಇನ್ನೊಂದು 49.6. ಮೂಲೆ ತಪ್ಪಿದ್ದು ಒಂದೇ ಒಂದು ಡಿಗ್ರಿ.

ಬೀದಿಯ ಕೊನೆಯ ಅಂಗಡಿಯ ಆಚಾರಿ ನೋಡಿ ನಕ್ಕ. "ಸಾರ್, ಮೂಲೆ ಹಿಡಿಯೋಕೆ ಒಬ್ಬರು ಬೇಕು. ಇಲ್ಲಾಂದ್ರೆ ಪ್ಲೈವುಡ್‌ನಲ್ಲಿ ನಾಲ್ಕು ಮುಕ್ಕೋನ ಮಾಡ್ಕೊಳ್ಳಿ. ಅದೇ ಹಿಡ್ಕೊಳ್ಳುತ್ತೆ."

ಅಷ್ಟೇ ತಾನೇ ಎಂದು ರಾಯರು 18 ಮಿಲಿಮೀಟರಿನ ಪ್ಲೈವುಡ್ ತುಂಡನ್ನು ಮುಂದಿಟ್ಟುಕೊಂಡರು. ಆಚಾರಿ ಮತ್ತೊಂದು ಮಾತು ಹೇಳಿದ್ದ: "ಮೊದಲು ನಿಮ್ಮ ಮೂಲೆಮಟ್ಟ ಸರಿಯಿದೆಯಾ ನೋಡಿ." ಪರೀಕ್ಷೆ ಸುಲಭ. ಹಲಗೆಯ ನೇರ ಅಂಚಿಗೆ ಮಟ್ಟವನ್ನು ಒತ್ತಿ ಒಂದು ಗೆರೆ ಎಳೆಯಬೇಕು. ಮಟ್ಟವನ್ನು ಮಗುಚಿ ಹಾಕಿ ಅದೇ ಬಿಂದುವಿನಿಂದ ಇನ್ನೊಂದು. ಎರಡೂ ಗೆರೆ ಒಂದಾದರೆ ಮಟ್ಟ ಸರಿ. ಬೇರೆಯಾದರೆ, ನಡುವಿನ ಅಂತರ ನಿಜವಾದ ತಪ್ಪಿನ ಎರಡರಷ್ಟು. ರಾಯರ ಎರಡು ಗೆರೆಗಳು ಹೊರಟಲ್ಲಿ ಕೂಡಿದ್ದವು, ಮುಂದೆ ಹೋಗುತ್ತಾ ಮನಸ್ತಾಪವಾದ ಅಣ್ಣತಮ್ಮಂದಿರಂತೆ ದೂರವಾದವು. ಎಂದೋ ಕೈಜಾರಿ ಬಿದ್ದದ್ದಿರಬೇಕು.

ಅಂದಮೇಲೆ ಇಷ್ಟು ದಿನ ಮೂಲೆಗಳು ಸರಿಯಾಗಿ ಕೂತದ್ದು ಹೇಗೆ? ಪ್ರಶ್ನೆ ತಲೆಯಲ್ಲಿ ಸುಳಿಯಿತು, ಉತ್ತರ ಹೊಳೆಯಲಿಲ್ಲ.

ಮಟ್ಟವನ್ನು ಪಕ್ಕಕ್ಕಿಟ್ಟು ಹೈಸ್ಕೂಲಿನ ರೇಖಾಗಣಿತಕ್ಕೆ ಶರಣಾದರು. ಒಂದು ಬದಿ 30, ಇನ್ನೊಂದು 40, ಎದುರಿನ ಗೆರೆ 50 ಬಂದರೆ ನಡುವಿನ ಕೋನ ಲಂಬವಾಗಲೇಬೇಕು. ಆ ಗೆರೆಗಳನ್ನೇ ನಂಬಿ, 15 ಸೆಂಟಿಮೀಟರ್ ಬದಿಯ ನಾಲ್ಕು ತ್ರಿಕೋನಗಳನ್ನು ಕೊಯ್ದರು. ಪ್ರತಿಯೊಂದರಲ್ಲೂ ಕ್ಲಾಂಪಿನ ಬಾಯಿ ತೂರುವಂತೆ ಎರಡು ತೂತು. ಲಂಬಕೋನದ ತುದಿಯನ್ನು ಎರಡು ಸೆಂಟಿಮೀಟರಿನಷ್ಟು ಕತ್ತರಿಸಿ ಮೊಂಡು ಮಾಡಿದರು. ಇಲ್ಲದಿದ್ದರೆ ಒತ್ತಿದಾಗ ಹೊರಬರುವ ಅಂಟು ಅಲ್ಲೇ ಸಿಕ್ಕಿಬಿದ್ದು, ತ್ರಿಕೋನವೂ ಪೆಟ್ಟಿಗೆಯ ಭಾಗವಾಗಿಬಿಡುತ್ತದೆ. ಅಂಚಿಗೆ ಮೇಣದಬತ್ತಿ ಉಜ್ಜಿದರು. ಮೇಣಕ್ಕೆ ಈ ಅಂಟು ಹಿಡಿಯುವುದಿಲ್ಲ.

ಹೊಸ ಹಲಗೆಗಳು ಬಂದವು. ತ್ರಿಕೋನವನ್ನು ಮೂಲೆಯ ಒಳಗಿಟ್ಟು ಎರಡು ಹಲಗೆಗಳನ್ನೂ ಅದಕ್ಕೆ ಬಿಗಿದರೆ, ಸರಿಯಲು ಜಾಗವೇ ಇಲ್ಲ. ಹಲಗೆಯ ಕೊಯ್ದ ತುದಿಗೆ ಅಂಟೊಂದೇ ಸಾಲದೆಂದು ಮರುದಿನ ಮೂಲೆಗೆರಡು ಮೊಳೆ ಹೊಡೆದರು. ಕರ್ಣಗಳು 50, 50. ಮುಚ್ಚಳ ಸುಮ್ಮನೆ ಕೂತಿತು. ಮೆಚ್ಚಿ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಮೂರು ತಿಂಗಳಾದ ಮೇಲೆ ಬಂದ ಹೆಂಡತಿ, ಗೋಡೆಗೆ ನೇತುಹಾಕಿದ್ದ ತ್ರಿಕೋನಗಳನ್ನು ನೋಡಿ, "ಇದೇನ್ರೀ ಇದು?" ಎಂದರು. ರಾಯರು ಮಗುಚಿದ ಗೆರೆ, ಮೂರು ನಾಲ್ಕು ಐದು, ಮೇಣದಬತ್ತಿ ಎಲ್ಲವನ್ನೂ ವಿವರಿಸಿದರು.

"ಇಷ್ಟೆಲ್ಲ ಯಾಕ್ರೀ? ನಾನು ನೆಲದ ಟೈಲ್ಸ್ ಗೆರೆಗೆ ಕೂಡಿಸಿ ಹಿಡೀತಿದ್ದೆ. ಒಂದು ಎಳೆ ಸರಿದ್ರೂ ಕಾಣೋದು. ನಿಮ್ಮ ಮಟ್ಟ ಡೊಂಕು ಅಂತ ದೇವರ ಮಂಟಪ ಮಾಡುವಾಗಲೇ ಗೊತ್ತಾಗಿತ್ತು."

"ಹೇಳಬಾರದಿತ್ತೇನೇ?"

"ನೀವು ಕೇಳಿದ್ರಾ? ಹಿಡ್ಕೋ ಅಂದ್ರಿ, ಹಿಡ್ಕೊಂಡೆ."

ರಾಯರು ನೆಲ ನೋಡಿದರು. ಇಪ್ಪತ್ತು ವರ್ಷ ಓಡಾಡಿದ ನೆಲ. ಗೆರೆಗಳು ಅಲ್ಲೇ ಇದ್ದವು.

ಮಾರನೆಯ ವಾರ ಫೋಟೊ ಚೌಕಟ್ಟೊಂದಕ್ಕೆ ಅಂಟು ಹಚ್ಚಿ, ತ್ರಿಕೋನ ಬಿಗಿದು, ರಾಯರು ಎಂದಿನಂತೆ ಒಳಗೆ ಕೂಗಿದರು. ಆದರೆ ಹಿಡ್ಕೋ ಎನ್ನಲಿಲ್ಲ. "ಒಲೆ ಆರಿಸಿ ಬಾರೇ," ಎಂದರು, "ಸರಿಯಿದೆಯಾ ನೋಡಿ ಹೇಳು."