ಕೂಡೋದಷ್ಟೇ ಲೆಕ್ಕ, ಕಳೆಯೋರು ಯಾರು?

ಜಿಡಿಪಿ ಏರಿತು ಅಂತ ಸುದ್ದಿ ಬಂದಾಗೆಲ್ಲ ನಮ್ಮ ಬೈರಮಂಗಲ ಕೆರೆ ಕಡೆ ಒಮ್ಮೆ ನೋಡಿ. ಒಂದು ವರ್ಷದಲ್ಲಿ ದೇಶದೊಳಗೆ ತಯಾರಾಗೋ ಸರಕು, ಸೇವೆಗಳ ಒಟ್ಟು ಬೆಲೆಯೇ ಜಿಡಿಪಿ. ಬೆಂಗಳೂರಿನ ಕಾರ್ಖಾನೆಯಲ್ಲಿ ಬಟ್ಟೆಗೆ ಬಣ್ಣ ಹಾಕಿದರೆ ಅದು ಲೆಕ್ಕಕ್ಕೆ ಸೇರುತ್ತೆ. ಬಣ್ಣ ತೊಳೆದ ನೀರು ಚರಂಡಿ ನೀರಿನ ಜೊತೆ ವೃಷಭಾವತಿಗೆ ಬಿದ್ದು ನಮ್ಮಲ್ಲಿ ನೊರೆ ಎದ್ದರೆ, ಅದು ಯಾವ ಲೆಕ್ಕಕ್ಕೂ ಇಲ್ಲ.

ತಮಾಷೆ ಮುಂದಿದೆ. ಬಾವಿ ನೀರು ಕೆಟ್ಟಿದೆ ಅಂತ 20 ಲೀಟರ್ ಕ್ಯಾನ್ ತಂದ್ರೆ ಜಿಡಿಪಿಗೆ ಕೂಡುತ್ತೆ. ಗದ್ದೆಗಿಳಿದ ಕಾಲಿಗೆ ನವೆ ಬಂದು ಡಾಕ್ಟರಿಗೆ ಫೀಸು ಕೊಟ್ರೆ ಮತ್ತೆ ಕೂಡುತ್ತೆ. ಅಪ್ಪ ಅದೇ ಬಾವಿಯಿಂದ ಸೇದಿ ಕುಡಿದ ನೀರಿಗೆ ಮಾತ್ರ ಸೊನ್ನೆ.

ದೊಡ್ಡವರಿಗೆ ಇದು ಗೊತ್ತಿಲ್ಲ ಅಂತಲ್ಲ. ಅಮೆರಿಕದ ರಾಷ್ಟ್ರೀಯ ಆದಾಯ ಲೆಕ್ಕ ಹಾಕಿದ ಸೈಮನ್ ಕುಜ್ನೆಟ್ಸ್ ಅವರೇ, ಇದರಿಂದ ಜನರ ಕ್ಷೇಮ ಅಳೆಯೋಕೆ ಹೋಗಬೇಡಿ ಅಂತ 1934ರಲ್ಲಿ ಎಚ್ಚರಿಸಿದ್ದರು. ನೆಲ, ನೀರು, ಕಾಡಿನ ಲೆಕ್ಕವನ್ನೂ ಸೇರಿಸಬೇಕು ಅಂತ ಪಾರ್ಥ ದಾಸ್‌ಗುಪ್ತಾ ಅಧ್ಯಕ್ಷತೆಯ ತಜ್ಞರ ತಂಡ 2013ರಲ್ಲಿ ಕೇಂದ್ರಕ್ಕೆ ವರದಿ ಕೊಟ್ಟಿತು. ನಮಗಿದು ಸುಲಭವಾಗಿ ಅರ್ಥ ಆಗುತ್ತೆ. ಟ್ರ್ಯಾಕ್ಟರ್ ಬಾಡಿಗೆಗೆ ಬಿಡೋನು ಬಂದ ದುಡ್ಡೆಲ್ಲ ಲಾಭ ಅಂತಾನಾ? ಟೈರು, ಎಂಜಿನ್ ಸವೆದಿದ್ದನ್ನ ಕಳೀತಾನೆ. ನಿವ್ವಳ ಉತ್ಪನ್ನದ ಲೆಕ್ಕದಲ್ಲಿ ಸರ್ಕಾರವೂ ಯಂತ್ರ, ಕಟ್ಟಡಗಳ ಸವಕಳಿ ಕಳೆಯುತ್ತೆ. ಕೆರೆಯ ಸವಕಳಿ ಮಾತ್ರ ಕಳೆಯಲ್ಲ.

ಮೊದಲು ದೇಶ ಶ್ರೀಮಂತ ಆಗಲಿ, ಆಮೇಲೆ ಕೊಳೆ ತಾನೇ ಕಮ್ಮಿ ಆಗುತ್ತೆ ಅನ್ನೋರಿದ್ದಾರೆ. ಆದಾಯ ಒಂದು ಮಟ್ಟ ದಾಟಿದ ಮೇಲೆ ಕೆಲವು ಬಗೆಯ ಮಾಲಿನ್ಯ ಇಳಿಯೋದನ್ನ ಗ್ರಾಸ್‌ಮನ್, ಕ್ರೂಗರ್ ಅನ್ನೋ ಅರ್ಥಶಾಸ್ತ್ರಜ್ಞರು 1990ರ ದಶಕದಲ್ಲಿ ತೋರಿಸಿದ್ದು ನಿಜ. ಆದ್ರೆ ತಾನಾಗೇ ಇಳಿಯಲ್ಲ, ಜನ ಕೇಳಬೇಕು, ಕಾನೂನು ಬರಬೇಕು ಅಂತಲೂ ಅವರೇ ಬರೆದರು. ನಮ್ಮ ತೊಡಕು ಇಲ್ಲೇ ಇರೋದು. ದುಡ್ಡು ಹೊಳೆಯ ಮೇಲ್ಗಡೆ, ಕೇಳಬೇಕಾದ ಬಾಯಿ ಕೆಳಗಡೆ.

"ಎರಡು ಎಕರೆ ಮಾರಿಬಿಡಪ್ಪ, ಬ್ಯಾಂಕಿನ ಬಡ್ಡೀನೇ ಬೆಳೆಗಿಂತ ಜಾಸ್ತಿ" ಅಂತಾನೆ ನನ್ನ ಮಗ. ಅವನ ಲೆಕ್ಕ ತಪ್ಪಲ್ಲ. ಆದ್ರೆ ಬೆಳೆ ಯಾಕೆ ಸೋತಿತು ಅನ್ನೋದು ಆ ಲೆಕ್ಕದಲ್ಲಿ ಇಲ್ಲ. ಅದಕ್ಕೇ ಈ ಯುಗಾದಿಯಿಂದ ಒಂದು ಪುಸ್ತಕ ಇಟ್ಟಿದೀನಿ, 'ನೀರಿನಿಂದ ಹೋದದ್ದು' ಅಂತ. ಕ್ಯಾನು, ಮುಲಾಮು, ತುಕ್ಕು ಹಿಡಿದ ಪಂಪು, ಕೈಬಿಟ್ಟ ಭತ್ತ, ಎಲ್ಲ ತಾರೀಕು ಸಮೇತ. ನೀವೂ ಬರೆದಿಡ್ರಪ್ಪ. ಹತ್ತು ಮನೆಯ ಪುಸ್ತಕ ಕೂಡಿದರೆ ಗ್ರಾಮಸಭೆಯಲ್ಲಿ ಮುಂದಿಡೋಕೆ ಒಂದು ಲೆಕ್ಕ ಆಗುತ್ತೆ. ನೆಲ ಮಾರೋ ಮಾತು ಆಮೇಲೆ.