ಹೈಫಾದಲ್ಲೋ, ಹರಿತಾನ್‌ನಲ್ಲೋ?

ಬೆಂಗಳೂರಿನ ಜೆ.ಸಿ. ನಗರ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ದೂರದರ್ಶನ ಕೇಂದ್ರ. ಅದೇ ಬಡಾವಣೆಯಲ್ಲಿ, ವಾಹನಗಳ ಗದ್ದಲದ ಮಧ್ಯೆ, ಒಂದು ಕಲ್ಲಿನ ಕಂಬ ನಿಂತಿದೆ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಮೈಸೂರು ಲ್ಯಾನ್ಸರ್ಸ್ ಯೋಧರ ಸ್ಮಾರಕ ಅದು. ಈಟಿ ಹಿಡಿದು ಕುದುರೆಯೇರಿ ಹೋರಾಡುತ್ತಿದ್ದ, ಮೈಸೂರು ಮಹಾರಾಜರ ಅಶ್ವದಳವಿದು. ದಾರಿಹೋಕರು ಕಂಬದತ್ತ ಕಣ್ಣು ಹಾಯಿಸುವುದು ಅಪರೂಪ. ಆದರೆ ಮುತ್ತಜ್ಜನ ಹೆಸರು ಇಲ್ಲಿದೆಯೇ ಎಂದು ನೋಡಲು ಬಂದವರಿಗೆ ಇದು ಬರಿಯ ಕಲ್ಲಲ್ಲ. ಅವರ ಹುಡುಕಾಟ ಆರಂಭವಾಗುವುದೇ ಇಲ್ಲಿಂದ.

ಅಂಥ ಮನೆಗಳಲ್ಲಿ ಉಳಿದುಬಂದಿರುವ ಕಥೆ ಸಾಮಾನ್ಯವಾಗಿ ಒಂದೇ ಸಾಲಿನದು: 'ನಮ್ಮ ಹಿರಿಯರು ಹೈಫಾದಲ್ಲಿ ತೀರಿಕೊಂಡರು'. ಯಾವ ದಿನ, ಹೇಗೆ, ಕೊನೆಯ ಸಂಸ್ಕಾರ ಮಾಡಿದವರು ಯಾರು ಎಂದರೆ ಹೇಳುವವರಿಲ್ಲ. ಕಾಗದ ಬಂತು, ಮನೆಯವರು ಅತ್ತರು, ಅಷ್ಟೆ.

ಹೈಫಾ ಹೆಸರು ಉಳಿದದ್ದಕ್ಕೆ ಕಾರಣವಿದೆ. 1914ರ ಕೊನೆಯಲ್ಲಿ ಈಜಿಪ್ಟಿಗೆ ಹೋದ ಮೈಸೂರಿನ ಸವಾರರು ಸೂಯೆಜ್ ಕಾಲುವೆಯ ಕಾವಲಿನಿಂದ ಹಿಡಿದು ಪ್ಯಾಲೆಸ್ಟೀನಿನ ಕದನಗಳವರೆಗೆ ನಾಲ್ಕು ವರ್ಷ ದುಡಿದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಹೈಫಾ ಪಟ್ಟಣಕ್ಕೆ ನುಗ್ಗಿದಾಗ, ಮೈಸೂರಿನ ಒಂದು ತುಕಡಿ ಪಕ್ಕದ ಕಾರ್ಮೆಲ್ ಬೆಟ್ಟವನ್ನೇರಿ ಅಲ್ಲಿನ ಫಿರಂಗಿಗಳ ಬಾಯಿ ಮುಚ್ಚಿಸಿತು. ಉಳಿದವರು ಜೋಧಪುರದವರಿಗೆ ಬೆಂಬಲವಾಗಿ ನಿಂತು, ಬೆನ್ನಹಿಂದೆಯೇ ಊರೊಳಕ್ಕೆ ಹೋದರು. ಸುಮಾರು 1,350 ಮಂದಿ ಸೆರೆಸಿಕ್ಕರು. 17 ಫಿರಂಗಿಗಳು ವಶವಾದವು. ಬ್ರಿಗೇಡಿನಲ್ಲಿ ಸತ್ತವರು 8 ಮಂದಿ. ಸತ್ತ ಕುದುರೆಗಳು 60.

ಈ ಗೆಲುವಿಗೆ ಗೌರವ ಸಾಕಷ್ಟು ಸಂದಿದೆ. ದೆಹಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳು ಜೋಧಪುರ, ಮೈಸೂರು, ಹೈದರಾಬಾದ್ ಅಶ್ವದಳಗಳನ್ನು ಪ್ರತಿನಿಧಿಸುತ್ತವೆ. 2018ರಲ್ಲಿ ಆ ವೃತ್ತದ ಹೆಸರಿಗೆ 'ಹೈಫಾ' ಎಂಬುದೂ ಸೇರಿತು. ಇಸ್ರೇಲಿನ ಹೈಫಾ ಪಟ್ಟಣದಲ್ಲಿ ಭಾರತೀಯ ಸೈನಿಕರ ಸ್ಮಶಾನವೊಂದಿದೆ. 2017ರಲ್ಲಿ ಎರಡೂ ದೇಶಗಳ ಪ್ರಧಾನಿಗಳು ಅಲ್ಲಿಗೆ ಹೋಗಿ ಗೌರವ ಸಲ್ಲಿಸಿದರು.

ಆದರೆ ಮಡಿದವರೆಲ್ಲ ಹೈಫಾದಲ್ಲಿ ಮಡಿದವರಲ್ಲ. ಹುಡುಕುತ್ತ ಹೋದವರಿಗೆ ಮೊದಲು ಎದುರಾಗುವ ಸತ್ಯವೇ ಇದು.

ಸತ್ತವರ ಲೆಕ್ಕ ಇಟ್ಟಿರುವುದು 1917ರಲ್ಲಿ ಸ್ಥಾಪನೆಯಾದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ. ಅದರ ದಾಖಲೆಯನ್ನು ಈಗ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಉಚಿತವಾಗಿ ನೋಡಬಹುದು. ಹೆಸರು, ದರ್ಜೆ, ದಳ, ಸತ್ತ ತಾರೀಖು ಅಲ್ಲಿರುತ್ತವೆ. ಅದೃಷ್ಟವಿದ್ದರೆ ತಂದೆಯ ಹೆಸರು, ಊರು ಕೂಡ. ಹುಡುಕುವುದು ಮಾತ್ರ ಸುಲಭವಲ್ಲ. ನಮ್ಮ ಹೆಸರುಗಳನ್ನು ಅಂದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿಗಿಳಿಸಿದ್ದಾರೆ. 'ರಾವ್' ಎಂಬ ಎರಡಕ್ಷರವನ್ನೇ ಎರಡು ಮೂರು ಬಗೆಯಲ್ಲಿ ಬರೆದು ನೋಡಬೇಕಾಗುತ್ತದೆ. ಅರಸು, ಖಾನ್, ಸಿಂಗ್ ಎಂದು ಕೊನೆಗೊಳ್ಳುವ ಹೆಸರುಗಳಲ್ಲಿ ನಮ್ಮವರು ಯಾರೆಂದು ಗುರುತಿಸಲು ತಂದೆಯ ಹೆಸರೇ ಬೇಕು.

ಹೆಸರು ಸಿಕ್ಕಿದರೆ ನೋಡಬೇಕಾದದ್ದು ತಾರೀಖು. ಸೆಪ್ಟೆಂಬರ್ 23 ಎಂದಿದ್ದರೆ ಮನೆಯ ಮಾತು ನಿಜ. ಅಕ್ಟೋಬರ್ 26 ಎಂದಿದ್ದರೆ ಕಥೆಯ ಊರೇ ಬೇರೆ. ಅಂದು ಮೈಸೂರು ಮತ್ತು ಜೋಧಪುರದ ಸವಾರರು ಸಿರಿಯಾದ ಅಲೆಪ್ಪೊ ಪಟ್ಟಣದಾಚೆಯ ಹರಿತಾನ್ ಎಂಬ ಹಳ್ಳಿಯ ಬಳಿ, ಹಿಮ್ಮೆಟ್ಟುತ್ತಿದ್ದ ತುರ್ಕಿ ಸೈನ್ಯದ ಮೇಲೆ ಬಿದ್ದರು. ಎದುರಿಗಿದ್ದವರು ಎಣಿಸಿದ್ದಕ್ಕಿಂತ ಬಹಳ ಹೆಚ್ಚಿದ್ದರು. ಹೈಫಾದಲ್ಲಿ ಸತ್ತವರಿಗಿಂತ ಹೆಚ್ಚು ಮಂದಿ ಇಲ್ಲಿ ಸತ್ತರು. ನಾಲ್ಕೇ ದಿನಕ್ಕೆ, ಅಕ್ಟೋಬರ್ 30ರಂದು, ತುರ್ಕಿಯೊಡನೆ ಕದನವಿರಾಮದ ಒಪ್ಪಂದಕ್ಕೆ ಸಹಿ ಬಿತ್ತು. ಗೆಲುವಿನ ಊರು ಬಾಯಿಂದ ಬಾಯಿಗೆ ಹರಡಿತು. ಹರಿತಾನ್ ಯಾರ ನಾಲಿಗೆಯ ಮೇಲೂ ನಿಲ್ಲಲಿಲ್ಲ.

ಇವೆರಡೂ ಅಲ್ಲದ ತಾರೀಖುಗಳೂ ಇರುತ್ತವೆ. ಆ ಅಕ್ಟೋಬರಿನಲ್ಲಿ ಮಲೇರಿಯಾ ಮತ್ತು ಇನ್‌ಫ್ಲುಯೆಂಜಾ ಜ್ವರ ಅಲ್ಲಿನ ಅಶ್ವಸೈನ್ಯವನ್ನು ಹಿಂಡಿಹಾಕಿದ್ದವು. ಈಟಿ ಹಿಡಿದು ಸಾಯುವುದನ್ನು ಕೇಳಿ ಬೆಳೆದ ಮೊಮ್ಮಕ್ಕಳಿಗೆ ಜ್ವರದ ಸಾವು ಮೊದಮೊದಲು ಒಪ್ಪಿಗೆಯಾಗುವುದಿಲ್ಲ. ಆದರೆ ಮನೆಯಿಂದ ಅಷ್ಟು ದೂರದಲ್ಲಿ, ನೀರು ಕೊಡುವವರಿಲ್ಲದೆ ಮಲಗಿದ ಸವಾರನ ಸಾವು ಯಾವ ರೀತಿಯಲ್ಲಿ ಕಡಿಮೆಯದು?

ಇನ್ನು ಸಮಾಧಿ. ಹಿಂದೂ ಯೋಧರಲ್ಲಿ ಅನೇಕರಿಗೆ ದಹನ ಸಂಸ್ಕಾರವಾದ್ದರಿಂದ ಹೋಗಿ ನಿಲ್ಲಲು ಗುಂಡಿಯೂ ಇಲ್ಲ, ಕಲ್ಲೂ ಇಲ್ಲ. ಈಜಿಪ್ಟ್ ಮತ್ತು ಪ್ಯಾಲೆಸ್ಟೀನಿನಲ್ಲಿ ಮಡಿದು, ಸಮಾಧಿ ಎಲ್ಲಿದೆಯೆಂದು ತಿಳಿಯದ ಭಾರತೀಯ ಸೈನಿಕರು ಸುಮಾರು 4,000 ಮಂದಿ. ಅವರ ನೆನಪಿಗಾಗಿ 1926ರಲ್ಲಿ ಸೂಯೆಜ್ ಕಾಲುವೆಯ ಬಾಯಲ್ಲಿ, ಪೋರ್ಟ್ ತೌಫಿಕ್ ಎಂಬಲ್ಲಿ ಸ್ಮಾರಕ ಕಟ್ಟಿದರು. ಮುಂದೆ ಈಜಿಪ್ಟ್ ಮತ್ತು ಇಸ್ರೇಲ್ ಕಾದಾಡಿದಾಗ ಅದು ಜಖಂಗೊಂಡು, ಕೊನೆಗೆ ಅದನ್ನು ಕೆಡವಬೇಕಾಯಿತು. 1980ರಲ್ಲಿ ಕೈರೋ ನಗರದ ಹೀಲಿಯೊಪೊಲಿಸ್ ಸ್ಮಶಾನದಲ್ಲಿ ಆ ಹೆಸರುಗಳು ಮತ್ತೆ ಜಾಗ ಪಡೆದವು. ಒಂದು ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಇನ್ನೊಂದು ಯುದ್ಧ ಸ್ಥಳಾಂತರಿಸಿತು!

ಬದುಕಿ ಊರಿಗೆ ಮರಳಿದವರ ಪಾಡು ಬೇರೆ. ಅವರ ಹೆಸರು ಸತ್ತವರ ಪಟ್ಟಿಯಲ್ಲಿ ಸಿಗದು. ಅವರಿಗೆ ಸಾಕ್ಷಿ ಹೇಳುವುದು ಬೆಳ್ಳಿಯ ಪದಕ. ಅದರ ಅಂಚನ್ನು ಬೆಳಕಿಗೆ ಹಿಡಿದು ತಿರುಗಿಸಿದರೆ ಯೋಧನ ಸಂಖ್ಯೆ, ದರ್ಜೆ, ಹೆಸರು, ದಳದ ಸಂಕ್ಷಿಪ್ತ ರೂಪ ಕಾಣಿಸುತ್ತವೆ. ಬೆಳ್ಳಿಯೆಂಬ ಕಾರಣಕ್ಕೇ ಕಷ್ಟಕಾಲದಲ್ಲಿ ಅಕ್ಕಸಾಲಿಗರ ಕುಲುಮೆ ಸೇರಿದ ಪದಕದೊಡನೆ ಮನೆಯ ಸಾಕ್ಷಿಯೂ ಕರಗಿಹೋಗುತ್ತದೆ. ಅಜ್ಜಿಯ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದನ್ನು ತೊಳೆದು ಹೊಳಪು ಕೊಡುವ ಮೊದಲು ಅಂಚಿನ ಅಕ್ಷರಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ದಳದ ಹೆಸರು ಮತ್ತು ತಾರೀಖು ಕೈಗೆ ಬಂದರೆ ಮುಂದಿನ ದಾರಿ ತೆರೆಯುತ್ತದೆ. ಆ ದಿನ ದಳ ಎಲ್ಲಿತ್ತು, ಏನು ಮಾಡಿತು ಎಂಬುದು ಯುದ್ಧದ ದಿನಚರಿಗಳಲ್ಲಿದೆ. ಅವು ಲಂಡನ್ ಮತ್ತು ದೆಹಲಿಯ ರಾಷ್ಟ್ರೀಯ ಪತ್ರಾಗಾರಗಳಲ್ಲಿವೆ. ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವಿದೆ. ಆದರೆ ದಿನಚರಿಗಳಲ್ಲಿ ಹೆಸರಿರುವುದು ಹೆಚ್ಚಾಗಿ ಅಧಿಕಾರಿಗಳದು. ಸವಾರರು ಅಲ್ಲಿ ಬರಿಯ ಸಂಖ್ಯೆ. ಆ ಸಂಖ್ಯೆಯಲ್ಲಿ ಒಬ್ಬನಿಗೆ ಹೆಸರು, ತಂದೆ, ಊರು ಮರಳಿಸುವುದು ಮನೆಯವರಿಂದ ಮಾತ್ರ ಸಾಧ್ಯ.

ಮೈಸೂರು ಲ್ಯಾನ್ಸರ್ಸ್ ಈಗಿಲ್ಲ. 1953ರಲ್ಲಿ ಉಳಿದ ಸಂಸ್ಥಾನಗಳ ಅಶ್ವದಳಗಳೊಂದಿಗೆ ಸೇರಿ ಭಾರತೀಯ ಸೇನೆಯ 61ನೆಯ ಅಶ್ವದಳವಾಯಿತು. ಜೆ.ಸಿ. ನಗರದ ಕಂಬ ಉಳಿದಿದೆ. ಹುಡುಕಾಟ ಮುಗಿಸಿದವರು ಹೈಫಾಕ್ಕೆ ಹೋಗಲಾಗದಿದ್ದರೆ, ಹರಿತಾನ್ ತಲುಪಲಾಗದಿದ್ದರೆ, ಇಲ್ಲಿಗೇ ಮರಳಿ ಒಂದು ಹೂವಿಡಬಹುದು. ಇಷ್ಟು ದಿನ ತಿಥಿ ಗೊತ್ತಿಲ್ಲದ ಹಿರಿಯರಿಗೆ ಇನ್ನು ಮುಂದೆ ಒಂದು ದಿನವಾದರೂ ಇದೆ.