ಎಸಳು ಎಣಿಸಿದ ಮೇಲೆ

ಶಿಶಿರವು ಕಳೆದು ವಸಂತವು ಕಾಲಿಡುವ ಪರ್ವಕಾಲದಲ್ಲಿ ಬಯಲುಸೀಮೆಯ ನಮ್ಮ ಬಂಧುಗಳು ಮಾವಿನ ಚಿಗುರನ್ನೂ ಬೇವಿನ ಹೂವನ್ನೂ ಕಂಡು ಯುಗಾದಿ ಸಮೀಪಿಸಿತೆಂದು ಅರಿಯುತ್ತಾರೆ. ನಮ್ಮ ಕಾಫಿ ಸೀಮೆಯಲ್ಲಿ ವಸಂತಕ್ಕೆ ಬೇರೊಂದು ಗುರುತುಂಟು. ಮಾಘ-ಫಾಲ್ಗುಣಗಳಲ್ಲಿ ಒಂದು ಸಂಜೆ ಗುಡುಗಿ ಮಳೆಯಾಗುತ್ತದೆ. ಅದಾದ ಎಂಟು-ಹತ್ತು ದಿನಗಳಿಗೆ, ಒಂದು ಬೆಳಗ್ಗೆ ಬಾಗಿಲು ತೆರೆದರೆ, ನಿನ್ನೆಯವರೆಗೆ ಕಡು ಹಸುರಾಗಿದ್ದ ಇಳಿಜಾರೆಲ್ಲ ಬೆಳ್ಳಗಾಗಿರುತ್ತದೆ. ಮಲ್ಲಿಗೆಯನ್ನು ಹೋಲುವ ಪರಿಮಳವು ಅಂಗಳ ದಾಟಿ ಪೂಜೆಯ ಕೋಣೆಯವರೆಗೂ ಬರುತ್ತದೆ. ಮೂರು-ನಾಲ್ಕು ದಿನಗಳಲ್ಲಿ ಆ ಬಿಳುಪು ಕಂದು ಬಣ್ಣಕ್ಕೆ ತಿರುಗಿ ಎಲ್ಲವೂ ಮುಗಿದುಹೋಗುತ್ತದೆ. ನಮ್ಮವರು ಆ ಮಳೆಗೆ ಹೂಮಳೆಯೆಂದೇ ಹೆಸರಿಟ್ಟಿದ್ದಾರೆ.

ನಮ್ಮ ಹುಟ್ಟೂರು ಮೂಡಿಗೆರೆ ತಾಲ್ಲೂಕಿನ ಜಾವಳಿ. ಬಲ್ಲಾಳರಾಯನ ದುರ್ಗದ ಮಗ್ಗುಲಿನ ಈ ಸೀಮೆಯಲ್ಲಿಯೇ ಹೇಮಾವತಿಯು ಹುಟ್ಟುತ್ತಾಳೆ. ಸಕಲೇಶಪುರವನ್ನು ಹಾದು, ಗೊರೂರಿನಲ್ಲಿ ಜಲಾಶಯವಾಗಿ ನಿಂತು, ಮುಂದೆ ಕಾವೇರಿಯನ್ನು ಕೂಡುವ ಆ ಮಹಾನದಿಯು ಇಲ್ಲಿ ಬೊಗಸೆಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕವಳು. ಬಾಲ್ಯದಲ್ಲಿಯೇ ಈ ಊರನ್ನು ಬಿಟ್ಟು ಮಠದ ಪಾಠಶಾಲೆಯನ್ನು ಸೇರಿದ ನಾವು, ಅಧ್ಯಾಪನ ವೃತ್ತಿಯನ್ನು ಮುಗಿಸಿಕೊಂಡು, ಅರವತ್ತು ತುಂಬಿದ ಮೇಲೆ ಅಣ್ಣನವರ ಮನೆಗೆ ಮರಳಿ ಬಂದೆವು. ಅಲ್ಲಿಯವರೆಗೆ ಹೂವಿನೊಂದಿಗೆ ನಮಗಿದ್ದ ಸಂಬಂಧವು ಎಂಥದೆಂಬುದನ್ನು ಮೊದಲು ನಿವೇದಿಸಬೇಕು.

ಮಠದಲ್ಲಿದ್ದಾಗ ಬೆಳಗಿನ ಜಾವ ಎದ್ದು ಪೂಜೆಗೆ ಹೂ ಎತ್ತುವುದು ನಮ್ಮ ಪಾಲಿನ ಸೇವೆಯಾಗಿತ್ತು. ಕತ್ತಲೆಯಲ್ಲಿ ಕೈಗೆ ಸಿಕ್ಕಿದ್ದನ್ನು ಬುಟ್ಟಿಗೆ ಹಾಕುತ್ತಿದ್ದೆವು. ಬುಟ್ಟಿ ತುಂಬಿತೇ ಇಲ್ಲವೇ ಎಂಬುದೊಂದೇ ಲೆಕ್ಕ. ಮುಂದೆ ಪಂಡಿತರೆನಿಸಿಕೊಂಡ ಮೇಲೆ ಹಂಪೆಯ ಹರಿಹರನ ‘ಪುಷ್ಪರಗಳೆ’ಯನ್ನು ವರ್ಷವರ್ಷವೂ ಪಾಠ ಹೇಳಿದೆವು. ವಿರೂಪಾಕ್ಷನ ಪೂಜೆಗಾಗಿ ಮುಂಜಾವದಲ್ಲಿ ಹೂದೋಟವನ್ನು ಹೊಕ್ಕು, ಒಂದೊಂದು ಹೂವನ್ನೂ ಬಂಧುವಿನಂತೆ ಮಾತನಾಡಿಸುವ ಭಕ್ತನ ಬಗೆಯನ್ನು ನಾವು ಗಂಟೆಗಟ್ಟಲೆ ವಿವರಿಸಬಲ್ಲವರಾಗಿದ್ದೆವು. ಹೂಗಾರ ಮಾದಯ್ಯನ ಕಾಯಕನಿಷ್ಠೆಯ ಬಗೆಗೆ ಉಪನ್ಯಾಸಗಳನ್ನು ಮಾಡಿದ್ದೆವು. ಭಕ್ತಿಯೇ ಹೂ, ಅರಿವೇ ಪರಿಮಳ ಎಂದು ಹೇಳಿ ಸಭೆಗಳಲ್ಲಿ ತಲೆದೂಗಿಸಿದ್ದೆವು. ಆದರೆ ಹೂವೊಂದನ್ನು ಕಣ್ಣಾರೆ ನೋಡಿದ್ದೆವೆಯೆ? ಈ ಪ್ರಶ್ನೆಯನ್ನು ನಮಗೆ ಹಾಕಿದವಳು ಆರು ವರ್ಷದ ಮೊಮ್ಮಗಳು.

2019ರ ಆಗಸ್ಟ್ ತಿಂಗಳ ಮಹಾಮಳೆಯು ಮೂಡಿಗೆರೆ ತಾಲ್ಲೂಕಿನ ಜನರಿಗೆ ಮರೆಯಲಾಗದು. ಹಲವೆಡೆ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಮಣ್ಣು ಪಾಲಾದವು. ಅಣ್ಣನವರ ತೋಟದ ಅಂಚಿನ ದರೆಯೂ ಆಗ ಕುಸಿಯಿತು; ಅದರೊಂದಿಗೆ ನಮ್ಮ ತಾಯಿಯವರು ಹೂ ಆಯುತ್ತಿದ್ದ ಸುರಗಿಯ ಮರವೂ ಹೋಯಿತು. ಸುರಗಿಯ ಹೂವು ಒಣಗಿದರೂ ಪರಿಮಳವನ್ನು ಬಿಡದು. ಒಣಗಿದ ಸುರಗಿಯ ಸರವನ್ನು ತಾಯಿಯವರು ಸೀರೆಗಳ ಮಡಿಕೆಯಲ್ಲಿಟ್ಟು ಮಳೆಗಾಲವನ್ನು ಕಳೆಯುತ್ತಿದ್ದರು. ಆ ಮರದ ವಿಷಯವನ್ನು ಮೊಮ್ಮಗಳಿಗೆ ಕಥೆಯಾಗಿ ಹೇಳುತ್ತಿದ್ದಾಗ ಅವಳು, “ಅಜ್ಜಯ್ಯ, ಆ ಹೂವಿಗೆ ಎಷ್ಟು ಎಸಳು?” ಎಂದು ಕೇಳಿದಳು. ನಮಗೆ ಗೊತ್ತಿರಲಿಲ್ಲ. ಕೈಯಲ್ಲಿ ಎಷ್ಟೋ ಸಲ ಹಿಡಿದ ಹೂವು, ಮೂಗಿಗೆ ಇಂದಿಗೂ ನೆನಪಿರುವ ಹೂವು. ಅದರ ರೂಪವನ್ನು ಹೇಳಲು ಬಾಯಿ ಬರಲಿಲ್ಲ. ತೋರಿಸೋಣವೆಂದರೆ ಮರವಿಲ್ಲ, ಚಿತ್ರವೂ ಇಲ್ಲ.

ಆ ಸಂಕೋಚವೇ ನಮ್ಮ ಕೈಗೆ ಕ್ಯಾಮೆರಾವನ್ನು ಕೊಟ್ಟಿತು. ಮಗನು ಬಳಸಿ ಬಿಟ್ಟಿದ್ದ ಹಳೆಯ ಡಿಜಿಟಲ್ ಕ್ಯಾಮೆರಾ ಅದು. ಕ್ಯಾಮೆರಾ ಹಿಡಿದು ಕಾಡು ತಿರುಗುವುದು ಈ ತಾಲ್ಲೂಕಿಗೆ ಹೊಸದಲ್ಲ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿಯೇ ನೆಲೆಸಿ, 2007ರಲ್ಲಿ ಕಾಲವಾಗುವವರೆಗೂ ಇಲ್ಲಿಯ ಹಕ್ಕಿಗಳ ಹಿಂದೆ ಹೋಗಿ ಛಾಯಾಚಿತ್ರಗಳನ್ನು ತೆಗೆದರು, ಕನ್ನಡಿಗರಿಗೆ ಹಕ್ಕಿಗಳನ್ನು ಪರಿಚಯಿಸುವ ಪುಸ್ತಕಗಳನ್ನು ಬರೆದರು. ಅವರ ಆ ಸಾಹಸವೆಲ್ಲಿ, ನಮ್ಮ ಈ ಮುದಿತನದ ಹವ್ಯಾಸವೆಲ್ಲಿ! ಹಕ್ಕಿ ಹಾರಿಹೋಗುತ್ತದೆ, ಹೂವು ಹಾರದು ಎಂಬ ಧೈರ್ಯವೊಂದೇ ನಮ್ಮ ಬಂಡವಾಳ.

ಆದರೆ ಹೂವು ಅಲುಗಾಡುತ್ತದೆ ಎಂಬುದು ಮೊದಲ ದಿನವೇ ತಿಳಿಯಿತು. ಬರಿಗಣ್ಣಿಗೆ ನಿಶ್ಚಲವೆಂದು ಕಾಣುವ ಹೂವು ಹತ್ತಿರದಿಂದ ನೋಡಿದಾಗ ಸದಾ ಕಂಪಿಸುತ್ತಿರುತ್ತದೆ. ನಮ್ಮ ಉಸಿರಾಟಕ್ಕೂ ಚಿತ್ರವು ಮಸುಕಾಗುತ್ತದೆ. ಉಸಿರನ್ನು ಅರೆಕ್ಷಣ ತಡೆದು, ರೆಪ್ಪೆ ಮಿಡಿಯದೆ, ಗಾಳಿಯು ನಿಲ್ಲುವುದನ್ನು ಕಾಯಬೇಕು. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿಯನ್ನು ನಿಲ್ಲಿಸುವುದನ್ನು ಬಾಲ್ಯದಿಂದ ಅಭ್ಯಾಸ ಮಾಡಿದ್ದ ನಮಗೆ ಈ ಕಾಯುವಿಕೆಯು ಅಪರಿಚಿತವೆನಿಸಲಿಲ್ಲ. ಅಲ್ಲಮಪ್ರಭುವಿಗೆ ಲಿಂಗವನ್ನಿತ್ತ ಗುರುವಿನ ಹೆಸರು ಅನಿಮಿಷ, ಅಂದರೆ ರೆಪ್ಪೆ ಮಿಡಿಯದವನು. ಆ ಹೆಸರಿನ ಅರ್ಥವನ್ನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದರೂ, ಹೂವಿನ ಮುಂದೆ ಮಂಡಿಯೂರಿ ಕುಳಿತಾಗಲೇ ಅದು ಎಷ್ಟು ಕಠಿಣವೆಂಬುದು ಅನುಭವಕ್ಕೆ ಬಂದಿತು.

ಇನ್ನೊಂದು ಪಾಠ ಬಿಳಿಯ ಬಣ್ಣದ್ದು. ಕಾಫಿಯ ಎಲೆ ಕಡುಹಸುರು, ಹೂವು ಅಚ್ಚಬಿಳಿ. ಯಂತ್ರವು ಸುತ್ತಲಿನ ಕತ್ತಲನ್ನು ನೋಡಿ ಬೆಳಕನ್ನು ಹೆಚ್ಚಿಗೆ ಒಳಕ್ಕೆ ಬಿಡುತ್ತದೆ. ಆಗ ಹೂವಿನ ಎಸಳುಗಳ ಗೆರೆಗಳೆಲ್ಲ ಅಳಿಸಿಹೋಗಿ, ಸುಣ್ಣ ಬಳಿದಂತೆ ಬರಿಯ ಬಿಳುಪು ಉಳಿಯುತ್ತದೆ. ಬೆಳಕನ್ನು ಒಂದಿಷ್ಟು ತಗ್ಗಿಸಿದರೆ ಮಾತ್ರ ಎಸಳಿನ ಮೇಲಿನ ನೆರಳು, ಅಂಚಿನ ಬಾಗು, ಎರಡಾಗಿ ಸೀಳಿದ ಶಲಾಕೆಯ ತುದಿ ಕಾಣತೊಡಗುತ್ತವೆ. ಹಿಂದೆ ಒಂದು ಸುರುಳಿ ಫಿಲ್ಮಿನಲ್ಲಿ 36 ಚಿತ್ರಗಳು ಬಂದರೆ ಹೆಚ್ಚು. ಈಗ ಆ ಮಿತಿಯೂ ಇಲ್ಲ, ಖರ್ಚೂ ಇಲ್ಲ. ಆದ್ದರಿಂದಲೇ ನಾವೊಂದು ನಿಯಮವನ್ನು ಮಾಡಿಕೊಂಡೆವು: ದಿನಕ್ಕೆ ಹತ್ತೇ ಚಿತ್ರ. ಹನ್ನೊಂದನೆಯದನ್ನು ಕಣ್ಣಿನಲ್ಲಿಯೇ ತುಂಬಿಕೊಂಡು ಬರುವುದು.

ಹೀಗೆ ಒಂದು ವಸಂತದಲ್ಲಿ ಎಲೆಯುದುರಿದ ಹಾಲುವಾಣದ ಕೆಂಪು ಗೊಂಚಲನ್ನೂ, ಅದರ ಮಕರಂದಕ್ಕೆ ಮುತ್ತುವ ಹಕ್ಕಿಗಳನ್ನೂ, ಸಿಲ್ವರ್ ಓಕ್ ಮರದ ಕಿತ್ತಳೆ ಬಣ್ಣದ ಕುಂಚಗಳನ್ನೂ ತೆಗೆದೆವು. ನೆರೆಯವರ ತೋಟದಲ್ಲಿದ್ದ ಸುರಗಿಯೊಂದನ್ನು ಹುಡುಕಿಕೊಂಡು ಹೋಗಿ, ಹಳೆಯ ಕೊಂಬೆಗಳಿಗೆ ಅಂಟಿಕೊಂಡು ಅರಳಿದ ಹೂಗಳ ಚಿತ್ರವನ್ನು ತಂದು ಮೊಮ್ಮಗಳಿಗೆ ತೋರಿಸಿದೆವು. ನಾಲ್ಕು ಬಿಳಿಯ ಎಸಳು, ನಡುವೆ ಹಳದಿ ಕೇಸರಗಳ ದಟ್ಟಣೆ. ಅವಳಿಗೆ ಕೊಡಬೇಕಾಗಿದ್ದ ಉತ್ತರದ ಸಾಲವು ಆ ದಿನ ತೀರಿತು.

ಆದರೆ ಪಂಡಿತನ ರೋಗವು ಬೇಗ ಬಿಡುವುದಲ್ಲ. ಕಾಫಿ ಹೂವಿನ ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದಾಗ ಅರೇಬಿಕಾಕ್ಕೆ ಐದು ಎಸಳು, ರೊಬಸ್ಟಾದ ಹೂವೊಂದಕ್ಕೆ ಆರು ಎಸಳು ಕಂಡವು. ನಮ್ಮ ಸಂತೋಷಕ್ಕೆ ಪಾರವಿಲ್ಲ! ಐದು ಪಂಚಾಕ್ಷರಿ, ಆರು ಷಡಕ್ಷರಿ. ಷಟ್‌ಸ್ಥಲವನ್ನೇ ಶಿವನು ಕಾಫಿಯ ಗಿಡದಲ್ಲಿ ಬರೆದಿರಿಸಿದ್ದಾನೆಂದು ಒಂದು ಪ್ರವಚನವನ್ನು ಮನಸ್ಸಿನಲ್ಲಿಯೇ ರಚಿಸಿಕೊಂಡು ಅಣ್ಣನವರಿಗೆ ಹೇಳಿದೆವು. ಎಪ್ಪತ್ತು ದಾಟಿದ ಅಣ್ಣನವರು ಕಾಲಿನ ಮೂಳೆ ಮುರಿದು ಜಗಲಿಯ ಮಂಚ ಹಿಡಿದಿದ್ದ ವರ್ಷವದು. ಎಲ್ಲವನ್ನೂ ಕೇಳಿ ಅವರು, “ಅಲ್ಲ ಮಾರಾಯ, ರೊಬಸ್ಟಾದಲ್ಲಿ ಏಳು ಎಸಳಿನದೂ ಇರ್ತದೆ. ಅದಕ್ಕೆ ಯಾವ ಮಂತ್ರ?” ಎಂದರು. ಮರುದಿನ ಹೋಗಿ ನೋಡಿದೆವು. ಒಂದೇ ಗೊಂಚಲಿನಲ್ಲಿ ಐದೂ ಇತ್ತು, ಆರೂ ಇತ್ತು, ಏಳೂ ಇತ್ತು. ಕಾಣುವ ಮೊದಲೇ ಅರ್ಥವನ್ನು ಹೇಳಿಬಿಡುವ ಚಾಳಿ ನಮ್ಮದು. ಹೂವು ನಮ್ಮ ಗ್ರಂಥವನ್ನು ಓದಿ ಅರಳಿದ್ದಲ್ಲ.

ಇದಕ್ಕಿಂತ ದೊಡ್ಡ ಪಾಠವೊಂದು ಅದೇ ವಾರದಲ್ಲಿ ಕಾದಿತ್ತು. ಆ ವರ್ಷದ ಹೂಮಳೆ ಎಲ್ಲೆಡೆ ಸಮನಾಗಿ ಬಿದ್ದಿರಲಿಲ್ಲ. ಅಣ್ಣನವರು ಮಂಚದ ಮೇಲಿಂದಲೇ ತೋಟವನ್ನು ನೆನೆದು ಚಡಪಡಿಸುತ್ತಿದ್ದರು. ಕಾಫಿ ಬೆಳೆಗಾರನಿಗೆ ಹೂವೆಂದರೆ ಬರಿಯ ಸೊಬಗಲ್ಲವಷ್ಟೆ. ಒಂದಂಗುಲವಾದರೂ ಮಳೆ ಬಿದ್ದರೆ ಹೂವು ಸರಿಯಾಗಿ ಅರಳೀತು. ಅರಳಿದ ದಿನ ಮಳೆ ಬಂದರೆ ಪರಾಗ ತೊಳೆದುಹೋದೀತು. ಅರಳಿದ ಕೆಲವು ವಾರಗಳಲ್ಲಿ ಬ್ಯಾಕಿಂಗ್ ಮಳೆ ಬಾರದಿದ್ದರೆ ಎಳೆಗಾಯಿ ನಿಲ್ಲದೇ ಹೋದೀತು. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿಕಟ್ಟುವ ಜಾತಿಯಲ್ಲವಾದ್ದರಿಂದ ಗಾಳಿಯ, ಜೇನಿನ ಕೃಪೆಯೂ ಬೇಕು. ಆ ಮೂರು ದಿನಗಳಲ್ಲಿ ಒಂದು ಸಂಸಾರದ ವರ್ಷವೇ ಅಡಗಿರುತ್ತದೆ.

ನಾವು ದೂರದ ಒಂದು ಏರಿನ ತುದಿಗೆ ಹೋಗಿ ಬಂದು, ಬಹು ಹೆಮ್ಮೆಯಿಂದ ಅಣ್ಣನವರ ಮುಂದೆ ಒಂದು ಚಿತ್ರವನ್ನು ಹಿಡಿದೆವು. ಬೇರೆ ಹೂಗಳಂತೆ ಸಡಿಲವಾಗಿ ಹರಡದೆ, ಚಿಕ್ಕದಾಗಿ, ಬಿಗಿಯಾಗಿ, ಎಸಳುಗಳಲ್ಲಿ ತಿಳಿಹಸುರಿನ ಛಾಯೆಯೊಡನೆ ಪುಟ್ಟ ನಕ್ಷತ್ರದಂತೆ ನಿಂತ ಹೂಗಳು. ಆ ವರ್ಷದ ನಮ್ಮ ಚಿತ್ರಗಳಲ್ಲೆಲ್ಲ ಅತ್ಯಂತ ಸುಂದರವೆಂದು ನಾವು ಭಾವಿಸಿದ್ದು ಅದನ್ನೇ. ಅಣ್ಣನವರು ಕನ್ನಡಕವನ್ನು ಸರಿಮಾಡಿಕೊಂಡು ನೋಡಿದರು. ಅವರ ಮುಖ ಇಳಿದುಹೋಯಿತು.

“ಇದು ಎಲ್ಲಿಯದು?”

“ಮೇಲಿನ ಏರಿನದು, ಅಣ್ಣಯ್ಯ. ಚೆನ್ನಾಗಿಲ್ಲವೆ?”

“ನೀರು ಸಾಲದೆ ಅರ್ಧಕ್ಕೇ ನಿಂತ ಹೂವು ಮಾರಾಯ ಇದು. ಕಾಯಿ ಕಚ್ಚುವುದಿಲ್ಲ.”

ನಾವು ಸೌಂದರ್ಯವೆಂದು ಕೊಂಡಾಡಿದ್ದು ಗಿಡದ ಬಾಯಾರಿಕೆಯಾಗಿತ್ತು. ಮಳೆ ಸಾಲದೆ, ಬಿಸಿಲು ಹೆಚ್ಚಿ, ಮೊಗ್ಗು ಪೂರ್ಣವಾಗಿ ಬೆಳೆಯಲಾರದೆ ತೆರೆದುಕೊಂಡಾಗ ಹೂವು ಆ ನಕ್ಷತ್ರದ ರೂಪವನ್ನು ತಾಳುತ್ತದಂತೆ. ಅಣ್ಣನವರು ಆಗಲೇ ಕೆಲಸದವರನ್ನು ಕರೆಸಿ, ಮೇಲಿನ ಏರಿಗೆ ಸ್ಪ್ರಿಂಕ್ಲರ್ ಒಯ್ಯಲು ಹೇಳಿದರು. ತೆರೆದ ಹೂವನ್ನು ಉಳಿಸಲಾಗದಿದ್ದರೂ ಇನ್ನೂ ತೆರೆಯದ ಮೊಗ್ಗಿಗಾದರೂ ನೀರು ಸಿಗಲಿ ಎಂಬುದು ಅವರ ಲೆಕ್ಕ. ಆ ರಾತ್ರಿ ನಮಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಹೊಲಗದ್ದೆಗಳ, ಮನೆಮಂದಿಯ ಎಷ್ಟು ಸಂಕಟಗಳನ್ನು ನಾವು ದೂರದಿಂದ ಚೆಲುವೆಂದು ಕಂಡು ಬಣ್ಣಿಸಿದ್ದೇವೆಯೋ ಶಿವನೇ ಬಲ್ಲ.

ಬಳಿಕ ಪ್ರತಿದಿನ ಬೆಳಗ್ಗೆ ಅಣ್ಣನವರು ಹೇಳಿದ ಕಡೆಗೆ ಹೋಗಿ, ಅವರು ಕೇಳಿದ ಚಿತ್ರವನ್ನು ತರುವುದು ನಮ್ಮ ಕಾಯಕವಾಯಿತು. ಹೆಜ್ಜೇನು ಬಂದಿದೆಯೇ, ಮೊಗ್ಗು ಎಷ್ಟು ಉದ್ದವಾಗಿದೆ, ಕೆಳಗಿನ ಹಳ್ಳದ ಬದಿಯ ಗಿಡ ಹೇಗಿದೆ ಎಂದು ಅವರು ಕೇಳುವರು, ನಾವು ತೋರಿಸುವೆವು. ಮೊದಮೊದಲು ಬೆಳೆಯ ಲೆಕ್ಕವನ್ನು ಮಾತ್ರ ನೋಡುತ್ತಿದ್ದ ಅಣ್ಣನವರು ಒಂದು ದಿನ, ಚೆನ್ನಾಗಿ ಅರಳಿದ ಒಂದೇ ಒಂದು ಹೂವಿನ ಚಿತ್ರವನ್ನು ಬಹಳ ಹೊತ್ತು ಕೈಯಲ್ಲಿಯೇ ಹಿಡಿದುಕೊಂಡಿದ್ದರು. ಎಸಳುಗಳ ನಡುವೆ ಒಂದು ಹನಿ ಇಬ್ಬನಿ, ಅದರಾಚೆ ಒಂದು ತುಡುವೆ ಜೇನು. “ಐವತ್ತು ವರ್ಷ ಈ ಹೂವಿನಿಂದಲೇ ಅನ್ನ ಉಂಡೆ. ಒಂದು ಹೂವನ್ನೂ ಹೀಗೆ ನೋಡಿರಲಿಲ್ಲ ನೋಡು,” ಎಂದರು. ಅವರಿಗೆ ಹೂವು ಬೆಳೆಯಾಗಿತ್ತು, ನಮಗೆ ಪ್ರವಚನದ ದೃಷ್ಟಾಂತವಾಗಿತ್ತು. ನೋಡದೆ ಉಳಿದದ್ದರಲ್ಲಿ ಅಣ್ಣತಮ್ಮಂದಿರು ಸಮಾನರು!

ಪೂಜೆಗೆ ಹೂ ಎತ್ತುವುದನ್ನು ಬಿಟ್ಟಿರಾ ಎಂದು ಕೆಲವರು ಕೇಳುತ್ತಾರೆ. ಬಿಟ್ಟಿಲ್ಲ. ಹಿರಿಯರು ನಡೆಸಿಕೊಂಡು ಬಂದ ಪತ್ರೆ-ಪುಷ್ಪದ ಸೇವೆಯನ್ನು ಬಿಡುವ ಅಧಿಕಾರ ನಮಗಿಲ್ಲ. ಆದರೆ ಬುಟ್ಟಿ ತುಂಬಿಸುವ ಆತುರ ಹೋಗಿದೆ. ಬೇಕಾದಷ್ಟನ್ನೇ, ಒಂದೊಂದನ್ನೂ ನೋಡಿ ಎತ್ತುತ್ತೇವೆ. ಲಿಂಗದೇವನಿಗೆ ಏರಿಸುವ ಮುನ್ನ ಅದರ ಎಸಳನ್ನೊಮ್ಮೆ ಎಣಿಸುತ್ತೇವೆ. ಎಷ್ಟಿದ್ದರೂ ಅದಕ್ಕೊಂದು ಅರ್ಥವನ್ನು ಹಚ್ಚಲು ಹೋಗುವುದಿಲ್ಲ.

ಬಂಧುಗಳೇ, ಕ್ಯಾಮೆರಾ ಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಈಗ ಮನೆಮನೆಯ ಮೊಬೈಲಿನಲ್ಲಿಯೂ ಅದಿದೆ. ಈ ಯುಗಾದಿಗೆ ನಿಮ್ಮ ಅಂಗಳದ ಗಿಡದ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಐದು ನಿಮಿಷ ಸುಮ್ಮನೆ ಇರಿ. ಅದರ ಹೆಸರನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯಿರಿ. ಅದಕ್ಕೆ ನೀರು ಸಾಲುತ್ತಿದೆಯೇ ಎಂದು ನೋಡಿರಿ. ಅಣ್ಣನವರು ಈಗ ಊರುಗೋಲು ಹಿಡಿದು ತೋಟದ ಅಂಚಿನವರೆಗೆ ನಡೆಯುತ್ತಾರೆ. ಕುಸಿದ ದರೆಯ ಪಕ್ಕದಲ್ಲಿ ನಾವಿಬ್ಬರೂ ಸೇರಿ ಒಂದು ಸುರಗಿಯ ಸಸಿಯನ್ನು ನೆಟ್ಟಿದ್ದೇವೆ. ಅದು ಹೂ ಬಿಡುವುದನ್ನು ಕಾಣುವ ಆಯುಷ್ಯ ನಮಗಿಬ್ಬರಿಗೂ ಇರಲಾರದು. ಇಂದಿಗೆ ಅದರಲ್ಲಿ ಆರು ಎಲೆಗಳಿವೆ. ಮೊಮ್ಮಗಳು ಅದರ ಚಿತ್ರ ತೆಗೆದಿಟ್ಟಿದ್ದಾಳೆ.